ಯಾರ ಬೆರಳಲ್ಲಿ ಯಾರ ಸಕ್ಕರೆ

ನಮ್ಮೂರಲ್ಲಿ ಯಾರು ಬೆರಳು ಚುಚ್ಚಿಕೊಂಡರೂ ತಮ್ಮ ಸಕ್ಕರೆ ತಮಗೆ ಗೊತ್ತಾಗುವುದಿಲ್ಲ. ಇನ್ನೊಬ್ಬರದು ಗೊತ್ತಾಗುತ್ತದೆ. ಗಂಡನದು ಹೆಂಡತಿಯ ಬೆರಳಲ್ಲಿ, ತಾಯಿಯದು ಮಗಳ ಬೆರಳಲ್ಲಿ, ಹೀಗೆ. ತೋಳಿನಿಂದ ಎಳೆದ ರಕ್ತ ಮಾತ್ರ ಅವರವರದನ್ನೇ ಹೇಳುತ್ತದೆ, ಆದರೆ ಅದಕ್ಕೆ ಊರಾಚೆಯ ದೊಡ್ಡಾಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು, ರಿಪೋರ್ಟು ಕೈಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ದಿನಾ ಯಾರು ಹೋಗುತ್ತಾರೆ? ಮನೆಯ ಶುಗರ್ ಮಿಷನ್ನೇ ಗತಿ, ಇನ್ನೊಬ್ಬರ ಬೆರಳೇ ಗತಿ. ಹೊರಗಿನಿಂದ ಬಂದವರು ಇದೇನು ವಿಚಿತ್ರ ಅಂತ ಬಾಯಿ ಬಿಡುತ್ತಾರೆ. ನಾವು ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಯಾರ ಬೆರಳು ಚುಚ್ಚಬೇಕೋ ಚುಚ್ಚಿ, ಆಮೇಲೆ ಉಪ್ಪಿಟ್ಟು ತಿನ್ನುತ್ತೇವೆ.

ಒಬ್ಬರ ಬೆರಳಲ್ಲಿ ಇನ್ನೊಬ್ಬರು ಬಂದು ಕೂರುವುದು ಪ್ರೀತಿಯಿಂದ ಅಂತ ಊರಿನವರ ನಂಬಿಕೆ. ಹತ್ತು ಬೆರಳಿದ್ದರೂ ಒಂದು ಸಲಕ್ಕೆ ಒಬ್ಬರಿಗೇ ಜಾಗ. ಹಾಗಾಗಿ ಯಾರದು ಯಾರಲ್ಲಿದೆ ಅನ್ನುವುದು ನಮ್ಮಲ್ಲಿ ಬರೀ ಕಾಯಿಲೆಯ ವಿಷಯವಲ್ಲ, ಮರ್ಯಾದೆಯ ವಿಷಯ. ಎದುರು ಮನೆ ತಾರಾಬಾಯಿಯ ಗಂಡನ ಸಕ್ಕರೆ ಇವತ್ತಿಗೂ ಅವನ ತಂಗಿಯ ಬೆರಳಲ್ಲಿದೆ. ದಿನಾ ಬೆಳಿಗ್ಗೆ ಅವನು ಕಾಫಿಗೆ ಮುಂಚೆ ಚಪ್ಪಲಿ ಮೆಟ್ಟಿಕೊಂಡು ತಂಗಿ ಮನೆಗೆ ಹೊರಡುತ್ತಾನೆ, ತಾರಾಬಾಯಿ ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಾಳೆ. ಅವಳನ್ನು ನೋಡಿ ನಾನು ಅಯ್ಯೋ ಪಾಪ ಅನ್ನುತ್ತಿದ್ದೆ. ಅನ್ನುವುದು ಪಾಪ ಅಂತ, ಒಳಗೊಳಗೆ ಖುಷಿ.

ಯಾಕೆಂದರೆ ನಮ್ಮೆಜಮಾನರು ನನ್ನ ಬೆರಳಲ್ಲಿದ್ದರು. ಇವರ ಹೆಸರು ವಿಠೋಬಪ್ಪ, ಪೇಟೆ ಬೀದಿಯಲ್ಲಿ ಪ್ಯಾಂಟು ಶರ್ಟು ಹೊಲಿಯುವ ಟೈಲರು. ನಾನು ಅನಸೂಯಾಬಾಯಿ. ಅಸೂಯೆ ಇಲ್ಲದವಳು ಅಂತ ಅದರ ಅರ್ಥವಂತೆ, ತೊಟ್ಟಿಲಲ್ಲಿದ್ದ ಕೂಸಿನ ಮುಖ ನೋಡಿ ನಮ್ಮಪ್ಪನಿಗೆ ಏನು ಗೊತ್ತಾಗಬೇಕು. ಇವರಿಗೆ ಕಾಯಿಲೆ ಇದೆ ಅಂತ ಪತ್ತೆಯಾಗಿದ್ದೇ ನನ್ನಿಂದ. ಬೀದಿಯಲ್ಲಿ ಆಸ್ಪತ್ರೆಯವರು ಶಾಮಿಯಾನ ಹಾಕಿ ಎಲ್ಲರ ಬೆರಳು ಚುಚ್ಚುತ್ತಿದ್ದರು, ಸೊಪ್ಪು ತರಲು ಹೊರಟಿದ್ದವಳು ಸುಮ್ಮನೆ ಕೈಯೊಡ್ಡಿದೆ. ಮುನ್ನೂರ ಹತ್ತು ಬಂತು. ನರ್ಸಮ್ಮ ನನಗೇನೂ ಹೇಳಲಿಲ್ಲ, ನಿಮ್ಮ ಯಜಮಾನರು ಎಲ್ಲಿದ್ದಾರೆ ಅಂತ ಕೇಳಿದಳು. ದೊಡ್ಡಾಸ್ಪತ್ರೆಯಲ್ಲಿ ಇವರ ತೋಳಿನ ರಕ್ತ ತೆಗೆದರು, ನನ್ನ ಬೆರಳಿಗೂ ಅದಕ್ಕೂ ಸರಿಯಾಗಿ ಕೂಡಿತು. ಇವರು ಮುಖ ಸಣ್ಣ ಮಾಡಿಕೊಂಡು ಕೂತಿದ್ದರೆ ನಾನು ತಲೆ ಎತ್ತಿಕೊಂಡು ಮನೆಗೆ ಬಂದೆ. ಗಂಡನಿಗೆ ಕಾಯಿಲೆ ಬಂತು ಅಂತ ಹೆಮ್ಮೆ ಪಟ್ಟವಳು ನಾನೊಬ್ಬಳೇ ಇರಬೇಕು.

ಅಲ್ಲಿಂದಾಚೆಗೆ ದಿನಾ ಬೆಳಿಗ್ಗೆ ನಾನು ಬೆರಳು ಚುಚ್ಚಿ ಹನಿಯನ್ನು ಪಟ್ಟಿಗೆ ಮುಟ್ಟಿಸುವುದು, ಮಿಷನ್ ತೋರಿಸಿದ ಸಂಖ್ಯೆ ನೋಡಿ, ಡಾಕ್ಟರು ಹೇಳಿಕೊಟ್ಟಂತೆ ಇಷ್ಟಿದ್ದರೆ ಇಷ್ಟು ಅಂತ ಇನ್ಸುಲಿನ್ ಎಳೆದು ಇವರ ಹೊಟ್ಟೆಗೆ ಕೊಡುವುದು. ಇವರು ಅಂಗಿ ಎತ್ತಿಕೊಂಡು ಸೂರಿನ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಹಿಂದಿನ ದಿನ ಅಂಗಡಿಯಲ್ಲಿ ಕದ್ದು ಜಿಲೇಬಿ ತಿಂದಿದ್ದರೆ ನನ್ನ ಬೆರಳು ಚಾಡಿ ಹೇಳಿಬಿಡುತ್ತಿತ್ತು. ನಮ್ಮ ಸಂಸಾರದಲ್ಲಿ ಅಷ್ಟು ಸುಖ ಇನ್ಯಾವುದರಲ್ಲೂ ಇರಲಿಲ್ಲ.

ಆಗ ಬಂದಳು ಇಂದ್ರಾಣಿ. ಗಂಡನನ್ನು ಬಿಟ್ಟೋ, ಅವನೇ ಬಿಟ್ಟೋ, ಯಾವುದೋ ಊರಿನಿಂದ ಒಂದು ಟ್ರಂಕು ಹಿಡಿದುಕೊಂಡು ಬಂದು ದರ್ಗಾದ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಹಿಂದೆ ಮುಂದೆ ಯಾರೂ ಇಲ್ಲ. ಕಾಜಾ ಹೊಲಿಯುವ, ಗುಂಡಿ ಹಾಕುವ ಕೆಲಸಕ್ಕೆ ಇವರ ಅಂಗಡಿಗೆ ಸೇರಿದಳು. ನನ್ನ ವಾರಿಗೆಯವಳೇ, ಆದರೆ ಜಡೆಯಲ್ಲಿ ಒಂದು ಬಿಳಿ ಎಳೆಯಿಲ್ಲ. ಇವರ ಹೊಲಿಗೆ ಮಿಷನ್ನಿನ ಎದುರಿಗೇ ಒಂದು ಮಣೆ ಹಾಕಿಕೊಂಡು ಕೂರುತ್ತಿದ್ದಳು. ಮೊದಮೊದಲು ನಾನೇ ಅವಳಿಗೂ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿ ಕಳಿಸುತ್ತಿದ್ದೆ.

ಎಲ್ಲಿ ಕೆಟ್ಟಿತು ಅಂದರೆ, ಇವರು ಒಂದು ದಿನ ಊಟಕ್ಕೆ ಕೂತವರು, ಇಂದ್ರಾಣಿ ಹಾಕಿದ ಕಾಜಾ ಎಷ್ಟು ಚೆಂದ ಅಂದರೆ ಗುಂಡಿ ತಾನಾಗೇ ಹೋಗಿ ಕೂತುಕೊಳ್ಳುತ್ತೆ ಕಣೇ ಅಂದರು. ನನ್ನ ಸಾರಿನ ಬಗ್ಗೆ ಇವರು ಹಾಗೆ ಮಾತಾಡಿದ್ದು ನನಗೆ ನೆನಪಿಲ್ಲ. ಆಮೇಲೆ ಸಂಜೆಯ ಬೋಂಡ ಬಿಟ್ಟರು. ನಾನು ಬಾಯಿ ನೋಯುವಷ್ಟು ಹೇಳಿದ್ದರೂ ಬಿಡದವರು. ಯಾಕೆ ಅಂತ ಕೇಳಿದರೆ, ಇಂದ್ರಾಣಿ ದಿನಾ ಸೌತೆಕಾಯಿ ಹೆಚ್ಚಿಕೊಂಡು ಬರ್ತಾಳೆ, ಬೇಡ ಅನ್ನೋಕೆ ಆಗಲ್ಲ ಅಂದರು. ನನಗೆ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಅವತ್ತಿನಿಂದ ಊಟದ ಕ್ಯಾರಿಯರನ್ನು ನಾನೇ ಹೊತ್ತುಕೊಂಡು ಅಂಗಡಿಗೆ ಹೋಗತೊಡಗಿದೆ. ಹೋದರೆ ಅವಳು ಎದ್ದು ನಿಂತು ಬನ್ನಿ ಅಕ್ಕಾವ್ರೇ ಅನ್ನುತ್ತಿದ್ದಳು. ಆ ಮರ್ಯಾದೆ ಕಂಡರೆ ಇನ್ನಷ್ಟು ಉರಿ.

ಬೇಡವೆಂದರೂ ಅವಳೇ ತಲೆಯೊಳಗೆ. ಹಿಟ್ಟು ನಾದುವಾಗ ಅವಳು, ನೀರು ಹೊಯ್ದುಕೊಳ್ಳುವಾಗ ಅವಳು. ಈಗ ಯಾವ ಸೀರೆ ಉಟ್ಟಿದ್ದಾಳೋ, ಈಗ ಇವರು ಅವಳಿಗೆ ಏನು ಹೇಳಿ ನಗಿಸುತ್ತಿದ್ದಾರೋ. ದೇವರ ಮುಂದೆ ಕೂತು ಕಣ್ಣು ಮುಚ್ಚಿದರೆ ವಿಠಲನ ಬದಲು ಅವಳ ಜಡೆ ಕಾಣಿಸುತ್ತಿತ್ತು.

ಅದೇ ಸುಮಾರಿಗೆ ಬೆಳಗಿನ ಸಂಖ್ಯೆ ಏರತೊಡಗಿತು. ಇನ್ನೂರ ನಲವತ್ತು, ಇನ್ನೂರ ಎಪ್ಪತ್ತು. ಸೌತೆಕಾಯಿ ತಿನ್ನುವವರಿಗೆ ಇಷ್ಟು ಹೇಗೆ ಬರುತ್ತದೆ? ನನಗೆ ಕೂಡಲೇ ಹೊಳೆಯಿತು, ಸೌತೆಕಾಯಿ ಬರೀ ತೋರಿಕೆಗೆ, ಮರೆಯಲ್ಲಿ ಅವಳು ಸಿಹಿ ತಿನ್ನಿಸುತ್ತಿದ್ದಾಳೆ. ಇವರು ದೇವರಾಣೆ ಇಲ್ಲ ಅಂದರು. ಆಣೆ ಇಟ್ಟುಕೊಂಡು ಏನು ಮಾಡಲಿ, ನನ್ನ ಬೆರಳು ಸುಳ್ಳು ಹೇಳುತ್ತದೆಯೇ? ಡಾಕ್ಟರು ಹೇಳಿದ ಲೆಕ್ಕದಂತೆ ಇನ್ಸುಲಿನ್ ಏರಿಸುತ್ತಾ ಹೋದೆ. ಇವರು ಒಂದು ಮಾತೂ ಆಡದೆ ಅಂಗಿ ಎತ್ತಿ ನಿಲ್ಲುತ್ತಿದ್ದರು. ದಿನದಿಂದ ದಿನಕ್ಕೆ ಬಾಡಿದರು, ಮಧ್ಯಾಹ್ನವಾದರೆ ಕೈ ನಡುಗುತ್ತಿತ್ತು, ಫ್ಯಾನಿನ ಕೆಳಗೆ ಕೂತೇ ಬೆವರುತ್ತಿದ್ದರು. ಮೈಯಲ್ಲಿ ಸಕ್ಕರೆ ಇಳಿದು ಬಿದ್ದವರ ಲಕ್ಷಣ ಅದು. ಮಗುವಿಗೂ ಗೊತ್ತು, ನನಗೆ ಮಾತ್ರ ಅದೆಲ್ಲ ಅವಳ ಮಾಯೆಯ ಹಾಗೆ ಕಂಡಿತು.

ಒಂದು ಮಧ್ಯಾಹ್ನ ಇವರು ಕೈತೊಳೆಯಲು ಹೋದಾಗ ಅಂಗಡಿಯ ಖಾನೆ ಎಳೆದು ನೋಡಿದೆ. ಸೀಮೆಸುಣ್ಣ, ಅಳತೆ ಟೇಪಿನ ಜೊತೆಗೆ ಒಂದು ಶುಗರ್ ಮಿಷನ್, ಒಂದು ಡಬ್ಬಿ. ಡಬ್ಬಿಯ ತುಂಬ ಬೆಲ್ಲದ ಚೂರು. ಸಿಕ್ಕಿಬಿದ್ದರಲ್ಲ ಇಬ್ಬರೂ ಅಂತ ನನಗೆ ಕುಣಿಯುವಷ್ಟು ಸಿಟ್ಟು. ಅವಳ ಕಣ್ಣೆದುರೇ ಡಬ್ಬಿಯನ್ನು ಚರಂಡಿಗೆ ಸುರಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ಕೈತೊಳೆದು ಬಂದ ಇವರು ಕಣ್ಣಲ್ಲೇ ಬೇಡ ಅಂದರು. ಆ ಕಣ್ಸನ್ನೆ ನೆನೆಸಿಕೊಂಡು ನನಗೆ ಬೆಳಗಿನವರೆಗೂ ನಿದ್ದೆ ಹತ್ತಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಇನ್ನೂರ ತೊಂಬತ್ತು. ಅದಕ್ಕೆ ತಕ್ಕಂತೆ ಇನ್ಸುಲಿನ್ ಕೊಟ್ಟು ಕಳಿಸಿದೆ. ಮಧ್ಯಾಹ್ನ ಕ್ಯಾರಿಯರ್ ಹಿಡಿದು ಪೇಟೆ ಬೀದಿಗೆ ತಿರುಗಿದರೆ ಅಂಗಡಿಯ ಮುಂದೆ ಜನ. ಒಳಗೆ ಇವರು ನೆಲದ ಮೇಲೆ, ತಲೆ ಇಂದ್ರಾಣಿಯ ತೊಡೆಯ ಮೇಲೆ. ಅವಳು ಟೀ ಅಂಗಡಿಯಿಂದ ತಂದ ಸಕ್ಕರೆಯನ್ನು ಬೆರಳಿನಿಂದ ಇವರ ಕೆನ್ನೆಯ ಒಳಕ್ಕೆ ಸವರುತ್ತಿದ್ದಳು. ನಾನು ಹೋಗಿ ಅವಳ ಮಣಿಕಟ್ಟು ಹಿಡಿದೆ.

"ತೆಗಿ ಕೈ. ಇನ್ನೂರ ತೊಂಬತ್ತು ಇರೋರಿಗೆ ಸಕ್ಕರೆ ಹಾಕ್ತೀಯಾ? ಕೊಲ್ಲಬೇಕು ಅಂತಿದ್ದೀಯಾ?"

ಅವಳು ಕೊಸರಾಡಲಿಲ್ಲ. ಖಾನೆಯ ಕಡೆ ಗೋಣು ತಿರುಗಿಸಿ ತೋರಿಸಿದಳು. "ಮಿಷನ್ ತಗೊಳ್ಳಿ ಅಕ್ಕಾವ್ರೇ. ನನ್ನ ಬೆರಳು ಚುಚ್ಚಿ, ನೀವೇ ಚುಚ್ಚಿ. ಬೇಗ."

ಸೂಜಿಯ ಕೆಲಸದಿಂದ ಅವಳ ಬೆರಳ ತುದಿ ಒರಟಾಗಿತ್ತು, ಎರಡು ಸಲ ಚುಚ್ಚಬೇಕಾಯಿತು. ಮಿಷನ್ ಮೂವತ್ತಾರು ತೋರಿಸಿತು. ನಾನು ಹಿಡಿದಿದ್ದ ಕೈ ಬಿಟ್ಟೆ. ಅವಳು ಮತ್ತೆ ಸಕ್ಕರೆ ಸವರಿದಳು, ಸವರುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಇವರ ರೆಪ್ಪೆ ಅಲ್ಲಾಡಿತು. ಅವಳ ಇನ್ನೊಂದು ಬೆರಳು ಚುಚ್ಚಿದೆ, ಅರವತ್ತಕ್ಕೆ ಬಂದಿತ್ತು. ಇವರು ಕಣ್ಣು ತೆರೆದರು. ಜನ ಇವರನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಇವರು ಬದುಕಿದರಲ್ಲ ಅನ್ನುವ ಸಮಾಧಾನವೂ, ಬದುಕಿದ್ದು ಅವಳ ಬೆರಳಲ್ಲಿ ಅನ್ನುವ ಸಂಕಟವೂ ನನಗೆ ಒಟ್ಟಿಗೇ ಬಂದವು.

ಆಸ್ಪತ್ರೆಯಲ್ಲಿ ಇವರ ತೋಳಿನ ರಕ್ತವೂ ಅವಳ ಬೆರಳು ಹೇಳಿದ್ದನ್ನೇ ಹೇಳಿತು. ಇವರಿಗೆ ಇದು ಬಹಳ ದಿನದಿಂದ ಗೊತ್ತಿತ್ತಂತೆ. ಒಮ್ಮೆ ಅಂಗಡಿಯಲ್ಲಿ ಇವರಿಗೆ ನಡುಕ ಬಂದಾಗ ಅವಳು ತಮಾಷೆಗೆ ಅಂತ ಚುಚ್ಚಿಕೊಂಡು ನೋಡಿದಳಂತೆ, ಇಳಿದಿತ್ತು, ಇವರು ಬೆಲ್ಲ ತಿಂದ ಮೇಲೆ ಅವಳ ಬೆರಳಲ್ಲಿ ಏರಿತಂತೆ. ಅಲ್ಲಿಂದ ಬೆಳಿಗ್ಗೆ ಮನೆಯಲ್ಲಿ ನನ್ನ ಲೆಕ್ಕದ ಇನ್ಸುಲಿನ್, ಅಂಗಡಿಯಲ್ಲಿ ಅವಳ ಲೆಕ್ಕದ ಬೆಲ್ಲ. ಹೀಗೇ ತೂಗಿಸಿಕೊಂಡು ಬಂದಿದ್ದರು. ನನಗೊಂದು ಮಾತು ಹೇಳಬಾರದಿತ್ತೇ ಅಂತ ಮಂಚದ ಪಕ್ಕ ನಿಂತು ಕೇಳಿದೆ.

"ನಿನ್ನ ಬೆರಳಲ್ಲಿ ನಾನಿಲ್ಲ ಅಂತ ನಿನಗೆ ಯಾವ ಬಾಯಲ್ಲಿ ಹೇಳ್ಲಿ, ಅನಸೂಯಾ?" ಅಂದರು. ಅಂದು ಗೋಡೆಯ ಕಡೆ ಹೊರಳಿಕೊಂಡರು.

ಡಾಕ್ಟರಮ್ಮನಿಗೆ ನನ್ನದೇ ಚಿಂತೆ. ನನ್ನ ಬೆರಳು ಅಲ್ಲೂ ಇನ್ನೂರ ತೊಂಬತ್ತು ತೋರಿಸುತ್ತಿತ್ತು. ಹಾಗಾದರೆ ಯಾರೋ ಒಬ್ಬರು ಇಷ್ಟು ಸಕ್ಕರೆ ಇಟ್ಟುಕೊಂಡು, ಗುಳಿಗೆಯಿಲ್ಲದೆ, ತಮಗೇ ಗೊತ್ತಿಲ್ಲದೆ ಓಡಾಡುತ್ತಿದ್ದಾರೆ, ಹುಡುಕಿ ಅಂದರು. ಮಗಳನ್ನು ಕರೆಸಿದೆ, ಅಣ್ಣನನ್ನು ಕರೆಸಿದೆ, ಇಬ್ಬರು ಓರಗಿತ್ತಿಯರೂ ಗೊಣಗಿಕೊಂಡು ಬಂದು ತೋಳು ಕೊಟ್ಟರು. ಯಾರದೂ ಕೂಡಲಿಲ್ಲ. ಅಷ್ಟರಲ್ಲಿ ನನ್ನ ಕಣ್ಣು ಆಸ್ಪತ್ರೆಯ ಪಡಸಾಲೆಗೆ ಹೋಯಿತು. ಇಂದ್ರಾಣಿ ನಲ್ಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದಳು. ಬಂದು ಬೆಂಚಿನ ಮೇಲೆ ಕೂತಳು, ಮತ್ತೆ ಎದ್ದು ಹೋಗಿ ಕುಡಿದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಸೂಜಿ ಚುಚ್ಚಿ ಆದ ಗಾಯ, ಎಷ್ಟು ದಿನವಾದರೂ ಮಾಯುತ್ತಿಲ್ಲ ಅಂತ ಇವರು ಯಾವತ್ತೋ ಅಂದಿದ್ದರು.

ಗೊತ್ತಾದದ್ದನ್ನು ನಾನು ಹೇಳಲಿಲ್ಲ. ಹೇಗೆ ಹೇಳಲಿ? ಗಂಡನನ್ನು ತನ್ನ ಬೆರಳಿಗೆ ಎಳೆದುಕೊಂಡವಳನ್ನು ನಾನು ನನ್ನ ಬೆರಳಲ್ಲಿ ಹೊತ್ತು ತಿರುಗುತ್ತಿದ್ದೇನೆ ಅಂತಲೇ? ಊರಿನವರು ಬಿದ್ದು ಬಿದ್ದು ನಗುವುದಿಲ್ಲವೇ? ತಾರಾಬಾಯಿಯಂತೂ ಅರಿಶಿನ ಕುಂಕುಮ ಕೊಟ್ಟು ಕಳಿಸುತ್ತಾಳೆ. ಇನ್ನೊಂದು ಯೋಚನೆಯೂ ಬಂತು, ಬಂದದ್ದನ್ನು ಮುಚ್ಚಿಡುವುದಿಲ್ಲ. ಇರಲಿ, ಅನುಭವಿಸಲಿ ಅನ್ನಿಸಿತು.

ಆದರೆ ಇವರ ಇನ್ಸುಲಿನ್ನಿಗೆ ಅವಳ ಬೆರಳು ಬೇಕಲ್ಲ. ದಿನಾ ಬೆಳಿಗ್ಗೆ ನನ್ನ ಮನೆಗೇ ಬರತೊಡಗಿದಳು. ನನ್ನ ಅಡುಗೆಮನೆಯ ಹೊಸ್ತಿಲ ಪಕ್ಕ ಕೂತು ಚುಚ್ಚಿಕೊಂಡು ಸಂಖ್ಯೆ ಹೇಳುವಳು, ಇವರು ತಾವೇ ಔಷಧಿ ಎಳೆದುಕೊಳ್ಳುವರು. ನಾನು ಒಲೆಯ ಕಡೆ ಮುಖ ಮಾಡಿಕೊಂಡು ದೋಸೆ ಕರಕಲು ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಅವಳು ಹೊರಡುವಾಗ ಮೆಟ್ಟಿಲು ಕಾಣದೆ ಮುಗ್ಗರಿಸಿದಳು. ಕಣ್ಣು ಮಂಜು ಮಂಜು, ಸೂಜಿಗೆ ದಾರ ಪೋಣಿಸೋಕೂ ಆಗ್ತಿಲ್ಲ, ವಯಸ್ಸಾಯ್ತು ಅಕ್ಕಾವ್ರೇ ಅಂತ ನಕ್ಕಳು. ಕಣ್ಣು ಹೋದರೆ ಅವಳಿಗೆ ಕಾಜಾ ಹೋಯಿತು, ಕಾಜಾ ಹೋದರೆ ಹೊಟ್ಟೆಗೆ ಹೋಯಿತು. ನನ್ನ ಬಾಯಿ ತಾನಾಗೇ ತೆರೆಯಿತು.

"ನಿನಗೆ ಸಕ್ಕರೆ ಕಾಯಿಲೆ ಇದೆ. ಇನ್ನೂರ ಎಂಬತ್ತರ ಮೇಲೇ ಇದೆ."

"ನಿಮಗೆ ಹೇಗೆ ಗೊತ್ತು?"

"ನನ್ನ ಬೆರಳಲ್ಲಿದ್ದೀಯ."

ಅವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು. ನಗುತ್ತಾಳೆ ಅಂದುಕೊಂಡೆ, ಜಗಳ ತೆಗೆಯುತ್ತಾಳೆ ಅಂದುಕೊಂಡೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನು ಯಾರ ಬೆರಳಲ್ಲೂ ಇಲ್ಲ ಅಂತಲೇ ಅಂದುಕೊಂಡಿದ್ದೆ," ಅಂದಳು. ನಾನು ಒಳಗೆ ಹೋಗಿ ಕಾಫಿ ತಂದುಕೊಟ್ಟೆ, ಸಕ್ಕರೆ ಹಾಕದೆ.

ಅವಳ ತೋಳಿನ ರಕ್ತ ನನ್ನ ಬೆರಳಿಗೆ ಕೂಡಿತು. ಊರಿಗೆ ಹಬ್ಬ. ಪ್ರೀತಿ ಪ್ರೀತಿ ಅಂತ ಇಷ್ಟು ದಿನ ಹೇಳಿಕೊಂಡು ಬಂದದ್ದೆಲ್ಲ ಬುಡಮೇಲಾಯಿತು. ಯಾರನ್ನು ಹಗಲೂ ಇರುಳೂ ನೆನೆಯುತ್ತೀವೋ ಅವರು ಬಂದು ಕೂರುತ್ತಾರೆ, ನೆನಪು ತಿರುಗಿದರೆ ಆ ಗಳಿಗೆಯೇ ಬದಲಾಗುತ್ತಾರೆ, ಪ್ರೀತಿಯೋ ಉರಿಯೋ ಬೆರಳಿಗೆ ಬೇಕಿಲ್ಲ ಅಂತ ಡಾಕ್ಟರಮ್ಮನೇ ಹೇಳಿದರು. ತಾರಾಬಾಯಿ ಬೇಕಂತಲೇ ಬಂದು, ಏನ್ರೀ, ನಿಮ್ಮ ಇಂದ್ರಾಣಿ ಚೆನ್ನಾಗಿದ್ದಾಳಾ ಅಂತ ವಿಚಾರಿಸಿಕೊಂಡು ಹೋದಳು. ನಾನು ಮಾಡಿದ ಮೊದಲ ಕೆಲಸ, ಇವರನ್ನು ಕೂರಿಸಿ ಇವರ ಬೆರಳು ಚುಚ್ಚಿದ್ದು. ತೊಂಬತ್ತೆರಡು ಬಂತು. ಅದು ನಾನೇ ಅಂತ ಹೇಗೆ ಹೇಳುವುದು, ಸಕ್ಕರೆ ಕಾಯಿಲೆ ಇಲ್ಲದವರದೆಲ್ಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಇಂದ್ರಾಣಿಯಂತೂ ಅಲ್ಲ. ಅಷ್ಟಾದರೂ ಆಯಿತಲ್ಲ ಅಂತ ಅವತ್ತು ಎರಡು ರೊಟ್ಟಿ ಹೆಚ್ಚು ತಿಂದೆ.

ಅವಳಿಗೆ ಗುಳಿಗೆ ಸಾಲದೆ ಇನ್ಸುಲಿನ್ನೇ ಬರೆದುಕೊಟ್ಟರು. ಆಮೇಲೆ ನಮ್ಮ ಬೆಳಗು ಹೀಗಾಯಿತು: ಅವಳು ಚುಚ್ಚಿಕೊಂಡು ಇವರ ಸಂಖ್ಯೆ ಹೇಳುವುದು, ನಾನು ಚುಚ್ಚಿಕೊಂಡು ಅವಳ ಸಂಖ್ಯೆ ಹೇಳುವುದು, ಇಬ್ಬರೂ ಔಷಧಿ ತೆಗೆದುಕೊಂಡು ತಿಂಡಿಗೆ ಕೂರುವುದು, ನಾನು ಬಡಿಸುವುದು. ಅವಳ ಗಾಯ ಮಾಯಿತು, ಕಣ್ಣು ತಿಳಿಯಾಯಿತು. ನನ್ನ ಹೊಟ್ಟೆಯುರಿ ಮಾತ್ರ ಇದ್ದ ಹಾಗೇ ಇತ್ತು. ಅದು ಇದ್ದುದರಿಂದಲೇ ಎಲ್ಲ ಸರಿಯಾಗಿ ನಡೆಯುತ್ತಿತ್ತು.

ಯುಗಾದಿಯ ಸಂಜೆ ಇವರು ಒಂದು ಪೊಟ್ಟಣ ತಂದು ನನ್ನ ಮಡಿಲಿಗೆ ಹಾಕಿದರು. ಒಳಗೆ ನೇರಳೆ ಬಣ್ಣದ ರವಿಕೆ. ಗಂಡಸರ ಬಟ್ಟೆ ಬಿಟ್ಟು ಇನ್ನೊಂದನ್ನು ಮುಟ್ಟದವರು, ಹೆಂಗಸರ ರವಿಕೆ ಹೊಲಿಯುವುದು ತಮಗೆ ಕೀಳು ಅಂತಿದ್ದವರು, ಅಂಗಡಿಯ ಬಾಗಿಲು ಹಾಕಿಕೊಂಡು ತಾವೇ ಹೊಲಿದಿದ್ದರು. ಕೊಕ್ಕೆಯನ್ನೂ ತಾವೇ ಹಾಕಿದ್ದರು, ಒಂದೂ ನೆಟ್ಟಗಿರಲಿಲ್ಲ. ಇಂದ್ರಾಣಿಗೆ ಕೊಟ್ಟಿದ್ದರೆ ಚೆನ್ನಾಗಿ ಹಾಕುತ್ತಿದ್ದಳಲ್ಲ ಅಂದೆ. ನಿನ್ನದಕ್ಕೆ ಅವಳ ಕೈ ಯಾಕೆ ಅಂದರು. ಅದನ್ನು ಹಾಕಿಕೊಂಡೇ ಮಲಗಿದೆ. ತೋಳು ಬಿಗಿಯಾಗಿತ್ತು, ಬಿಚ್ಚಲು ಮನಸ್ಸಾಗಲಿಲ್ಲ. ಆ ರಾತ್ರಿ ಇಂದ್ರಾಣಿ ನೆನಪಿಗೇ ಬರಲಿಲ್ಲ.

ಬೆಳಿಗ್ಗೆ ಇಂದ್ರಾಣಿ ಬಂದು ಚುಚ್ಚಿಕೊಂಡಳು. ಇವರದು ನೂರ ಹದಿನೆಂಟು. ನಾನು ಚುಚ್ಚಿಕೊಂಡೆ. ನೂರ ಹದಿನೆಂಟು. ಇನ್ನೊಂದು ಬೆರಳು ಚುಚ್ಚಿ ನೋಡಿದೆ, ಅದೇ. ಇವರು ಎರಡೂ ಮಿಷನ್ನುಗಳನ್ನು ಪಕ್ಕಪಕ್ಕ ಹಿಡಿದು ನೋಡಿ, ನನ್ನನ್ನೇ ನೋಡಿದರು. ನನ್ನ ಗಂಡ ನನ್ನ ಬೆರಳಿಗೆ ವಾಪಸ್ಸು ಬಂದಿದ್ದರು. ನನಗಾದ ಸಂತೋಷವನ್ನು ನಾನು ಯಾರಿಗೂ ಹೇಳಿ ಮುಗಿಸಲಾರೆ.

ಇಂದ್ರಾಣಿ ಖಾಲಿ ಸಿರಿಂಜು ಹಿಡಿದುಕೊಂಡು ಕೂತಿದ್ದಳು. "ಹಾಗಾದ್ರೆ ನಂದು?" ಅಂದಳು. ಹಿಂದಿನ ದಿನ ನಾನೇ ಬಲವಂತ ಮಾಡಿ ಹೋಳಿಗೆ ಬಡಿಸಿದ್ದೆ, ಅವಳ ತುಟಿ ಒಣಗಿ ಬಿಳಿಚಿಕೊಂಡಿತ್ತು. ಎಷ್ಟಿದೆ ಅಂತ ಗೊತ್ತಿಲ್ಲದೆ ಎಷ್ಟು ಎಳೆದುಕೊಳ್ಳುವುದು? ಇವತ್ತು ಆಸ್ಪತ್ರೆಗೆ ಹೋಗಬಹುದು, ನಾಳೆ? ನಾಡಿದ್ದು? ಅವಳನ್ನು ಹೊತ್ತ ಬೆರಳು ಊರಲ್ಲಿ ಇದ್ದದ್ದೇ ಒಂದು.

ಅವಳು ಸಿರಿಂಜನ್ನು ಕೆಳಗಿಟ್ಟು ಎದ್ದಳು. ಇವರ ಅಂಗಿಯ ಎರಡನೆಯ ಗುಂಡಿ ಸಡಿಲವಾಗಿ ನೇತಾಡುತ್ತಿತ್ತು. ಸೊಂಟದ ಚೀಲದಿಂದ ಸೂಜಿದಾರ ತೆಗೆದು, ಇವರ ಮೈಮೇಲೆ ಇದ್ದ ಹಾಗೇ, ಇವರಿಗೆ ಅಂಟಿಕೊಂಡ ಹಾಗೆ ನಿಂತು ಗುಂಡಿ ಹೊಲಿಯತೊಡಗಿದಳು. ಅವಸರವೇ ಇಲ್ಲ. ಇವರು ಕಂಬದ ಹಾಗೆ ನಿಂತರು. ಹೊಲಿದು ಮುಗಿದ ಮೇಲೆ ಕತ್ತರಿ ಕೇಳಲಿಲ್ಲ. ಬಾಗಿ, ಇವರ ಎದೆಗೆ ಮುಖ ತಂದು, ದಾರವನ್ನು ಹಲ್ಲಿನಿಂದ ಕಡಿದಳು. ಕಡಿಯುವಾಗ ಅವಳ ಕಣ್ಣು ಇದ್ದದ್ದು ನನ್ನ ಮೇಲೆ.

ಯಾಕೆ ಮಾಡುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಒಲೆಯ ಮೇಲೆ ಹಾಲಿತ್ತು, ಉಕ್ಕೀತು ಅಂತ ಒಳಗೆ ಹೋಗಿಬಿಡಬಹುದಿತ್ತು, ಹೋಗಿದ್ದರೆ ಗಂಡ ನನ್ನ ಬೆರಳಲ್ಲೇ ಉಳಿಯುತ್ತಿದ್ದರು. ನಾನು ಹೋಗಲಿಲ್ಲ. ಕಣ್ಣು ಮಿಟುಕಿಸದೆ ಪೂರ್ತಿ ನೋಡಿದೆ. ಗೊತ್ತಿದ್ದರೂ ಹೊಟ್ಟೆಯಿಂದ ನೆತ್ತಿಯವರೆಗೆ ಧಗಧಗ ಉರಿಯಿತು.

"ಈಗ ಚುಚ್ಚಿ ಅಕ್ಕಾವ್ರೇ," ಅಂದಳು ಇಂದ್ರಾಣಿ.

ಚುಚ್ಚಿದೆ. ಇನ್ನೂರ ಎಪ್ಪತ್ತೊಂದು. ಅದಕ್ಕೆ ಎಷ್ಟು ಬೇಕೋ ಅಷ್ಟನ್ನು ಸಿರಿಂಜಿಗೆ ಎಳೆದು, ಅವಳ ಕೈಗೆ ಕೊಡದೆ ನಾನೇ ಅವಳ ತೋಳಿಗೆ ಕೊಟ್ಟೆ, ಸ್ವಲ್ಪ ಜೋರಾಗಿಯೇ.